ಅಮೆರಿಕದ ವಲಸೆಯ ಕಾಯಿದೆಗಳು: ಚರಿತ್ರೆಯೂ ಸುಧಾರಣೆಯೂ

೧

ಪರದೇಶದವರು ತನ್ನ ಎಲ್ಲೆಯೊಳಗೆ ಬಂದು ನೆಲಸುವುದಕ್ಕೆ ಯಾವ ನಿಯಮಗಳನ್ನು ವಿಧಿಸಬೇಕೆಂಬ ಪ್ರಶ್ನೆಯು ಇಂದು ಪ್ರಪಂಚದ ಅನೇಕ ರಾಜ್ಯಗಳನ್ನು ಬಾಧಿಸುತ್ತಿದೆ. ಈ ಪ್ರಶ್ನೆಗೆ ಎರಡು ಶತಮಾನಗಳಿಗೂ ಮೀರಿದ ಲಿಖಿತ ಚರಿತ್ರೆಯು ದೊರೆಯುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿಯ ಕಾಯಿದೆಗಳೂ, ಅವುಗಳನ್ನು ಕುರಿತು ಶಾಸನಸಭೆಯಲ್ಲಿ ನಡೆದ ಚರ್ಚೆಗಳೂ, ನ್ಯಾಯಸ್ಥಾನಗಳ ತೀರ್ಪುಗಳೂ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕುವಂತಿವೆ. ಕನ್ನಡಿಗರಿಗೆ ಈ ವಿಷಯವು ಅಷ್ಟು ದೂರದ್ದೂ ಅಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಆ ದೇಶಕ್ಕೆ ಹೋದವರ ಬಂಧುಗಳು ನಮ್ಮ ಊರೂರಿನಲ್ಲಿಯೂ ಇದ್ದಾರೆ. ಹೋದವರಲ್ಲಿ ಎಷ್ಟೋ ಮಂದಿ ಸ್ಥಿರನಿವಾಸದ ಹಕ್ಕಿಗಾಗಿ ಹತ್ತು, ಹದಿನೈದು ವರ್ಷಗಳಿಂದ ಕಾದಿರುವ ಸಂಗತಿಯೂ ಮನೆಮಾತಾಗಿದೆ.

ಈ ಕಾಯಿದೆಗಳನ್ನು ತಿದ್ದಬೇಕೆಂಬುದರಲ್ಲಿ ಅಲ್ಲಿಯ ಎರಡು ಪಕ್ಷಗಳಿಗೂ ಭಿನ್ನಾಭಿಪ್ರಾಯವಿಲ್ಲ. ಹೇಗೆ ತಿದ್ದಬೇಕೆಂಬಲ್ಲಿ ಒಮ್ಮತವಿಲ್ಲ. ಹೀಗಿರಲು, ಸಾಧ್ಯವಾದ ಸುಧಾರಣೆ ಯಾವುದೆಂಬುದನ್ನು ಇತಿಹಾಸದ ಕಡೆಯಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ನಾವು ಪ್ರತಿಪಾದಿಸಬೇಕೆಂದಿರುವುದು ಇಷ್ಟು: ವಲಸೆಯ ಕಾಯಿದೆಯಲ್ಲಿ ಬರುವ ಸಂಖ್ಯೆಗಳೂ ತಾರೀಖುಗಳೂ ಹೊರನೋಟಕ್ಕೆ ಲೆಕ್ಕದ ವಿವರಗಳಂತೆ ಕಂಡರೂ, ಆ ದೇಶದ ನೀತಿಯು ನೆಲೆಗೊಂಡಿರುವುದು ಅವುಗಳಲ್ಲಿಯೇ. ಒಂದು ಕಾಲದಲ್ಲಿ ಅವುಗಳಲ್ಲಿ ಕೆಲವು ಆಗಾಗ ಮುಂದಕ್ಕೆ ಸರಿಯುತ್ತಿದ್ದುವು. ೧೯೮೬ ಮತ್ತು ೧೯೯೦ನೆಯ ಇಸವಿಗಳಲ್ಲಿ ಗೊತ್ತಾದ ಮುಖ್ಯ ಅಂಕೆಗಳು ಆಮೇಲೆ ನಿಂತಲ್ಲಿಯೇ ನಿಂತಿವೆ. ಆದಕಾರಣ ಹೊಸ ವ್ಯವಸ್ಥೆಯೊಂದನ್ನು ಬುಡದಿಂದ ಕಟ್ಟುವ ಪ್ರಯತ್ನಕ್ಕಿಂತ, ಇರುವ ಕಾಯಿದೆಯ ನಿಂತ ಅಂಗಗಳನ್ನು ಕಾಲಕಾಲಕ್ಕೆ ತಾವಾಗಿ ಚಲಿಸುವಂತೆ ಮಾಡುವುದೇ ಹೆಚ್ಚು ಫಲಕಾರಿಯಾದ ಮಾರ್ಗವೆಂದು ತೋರುತ್ತದೆ. ಇದಕ್ಕೆ ಆಧಾರವು ಆ ದೇಶದ ಚರಿತ್ರೆಯಲ್ಲಿಯೇ ಇದೆ.

೨

ಸ್ವತಂತ್ರವಾದ ಮೇಲೆ ಸುಮಾರು ಒಂದು ನೂರು ವರ್ಷಗಳ ಕಾಲ, ತಾವಾಗಿ ಬಂದು ಸೇರುವವರ ಸಂಖ್ಯೆಯನ್ನು ಅಮೆರಿಕದ ಕೇಂದ್ರಸರ್ಕಾರವು ಮಿತಗೊಳಿಸಿರಲಿಲ್ಲ. ಮಿತಿಯಿದ್ದುದು ಪೌರತ್ವಕ್ಕೆ. ೧೭೯೦ರ ಕಾಯಿದೆಯ ಪ್ರಕಾರ, ಎರಡು ವರ್ಷ ಅಲ್ಲಿ ವಾಸಮಾಡಿದ, ಸನ್ನಡತೆಯುಳ್ಳ, ಸ್ವತಂತ್ರನಾದ ಬಿಳಿಯ ಮನುಷ್ಯನು ಮಾತ್ರ ಪೌರನಾಗಬಹುದಾಗಿತ್ತು. ಅಂತರ್ಯುದ್ಧವು ಮುಗಿದ ಮೇಲೆ, ೧೮೭೦ರಲ್ಲಿ, ಆಫ್ರಿಕ ಮೂಲದವರಿಗೂ ಆ ಹಕ್ಕು ದೊರೆಯಿತು. ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರದೆ ಉಳಿದವರು ಏಷ್ಯಖಂಡದವರು. ಮುಂದಿನ ನಿಷೇಧಗಳೆಲ್ಲಕ್ಕೂ ಈ ತೆರಪೇ ದಾರಿಯಾಯಿತು.

೧೮೮೨ರಲ್ಲಿ ಚೀನದ ಕೂಲಿಗಾರರು ಬರಕೂಡದೆಂಬ ಕಾಯಿದೆಯಾಯಿತು. ಅದರ ಅವಧಿ ಹತ್ತು ವರ್ಷ. ೧೮೯೨ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿದರು. ೧೯೦೪ರಲ್ಲಿ ಅವಧಿಯ ಮಾತನ್ನೇ ತೆಗೆದುಹಾಕಿದರು. ತಾತ್ಕಾಲಿಕವೆಂದು ಬಂದದ್ದು ಶಾಶ್ವತವಾದುದಕ್ಕೆ ಇದು ಮೊದಲ ನಿದರ್ಶನ. ೧೯೧೭ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ನರ ನಿಷೇಧಾಧಿಕಾರವನ್ನು ಮೀರಿ ಅಂಗೀಕೃತವಾದ ಕಾಯಿದೆಯು, ಬರುವವರು ಯಾವುದಾದರೊಂದು ಭಾಷೆಯನ್ನು ಓದಬಲ್ಲವರಾಗಿರಬೇಕೆಂದು ವಿಧಿಸಿತು. ಅಲ್ಲದೆ ಭಾರತವೂ ಒಳಗೊಂಡಂತೆ ಏಷ್ಯದ ಬಹುಭಾಗವನ್ನು ನಿಷಿದ್ಧವಲಯವೆಂದು ಗುರುತಿಸಿತು.

ಸಂಖ್ಯೆಯ ಮಿತಿಯು ಕಾಲಿಟ್ಟುದು ೧೯೨೧ರಲ್ಲಿ. ೧೯೧೦ರ ಜನಗಣತಿಯಂತೆ ಅಮೆರಿಕದಲ್ಲಿದ್ದ ಆಯಾ ದೇಶದ ಜನರ ಸಂಖ್ಯೆಯಲ್ಲಿ ನೂರಕ್ಕೆ ಮೂರರಷ್ಟು ಮಂದಿ ವರ್ಷಕ್ಕೆ ಬರಬಹುದೆಂದು ಆಗ ಗೊತ್ತುಮಾಡಿದರು. ಮೂರು ವರ್ಷಗಳ ತರುವಾಯ, ೧೯೨೪ರಲ್ಲಿ, ನೂರಕ್ಕೆ ಮೂರು ಎಂಬುದು ಎರಡಾಯಿತು. ಅದರ ಜೊತೆಗೆ ಆಧಾರವು ೧೯೧೦ರ ಜನಗಣತಿಯಿಂದ ೧೮೯೦ರ ಜನಗಣತಿಗೆ ಹಿಂದೆ ಸರಿಯಿತು. ಈ ಎರಡನೆಯ ಬದಲಾವಣೆಯ ಮಹತ್ತ್ವವನ್ನು ವಾಚಕರು ಗಮನಿಸಬೇಕು. ಇಟಲಿ, ಪೋಲೆಂಡ್, ರಷ್ಯಗಳಿಂದ ಹೆಚ್ಚು ಜನ ಬಂದುದು ೧೮೯೦ರಿಂದ ಈಚೆಗೆ. ಹಳೆಯ ಗಣತಿಯನ್ನು ಆರಿಸಿಕೊಂಡುದರಿಂದ ಅವರು ಬಂದೇ ಇಲ್ಲವೆಂಬಂತೆ ಲೆಕ್ಕವು ಏರ್ಪಟ್ಟಿತು. ಇಟಲಿಯ ಪಾಲು ೪೨,೦೦೦ಕ್ಕೂ ಮೇಲಿದ್ದದ್ದು ೪,೦೦೦ಕ್ಕಿಂತಲೂ ಕೆಳಗಿಳಿಯಿತು. ಕಾಯಿದೆಯಲ್ಲಿ ಇಟಲಿಯವರನ್ನು ನಿಂದಿಸುವ ಒಂದು ಮಾತೂ ಇರಲಿಲ್ಲ. ಒಂದು ಇಸವಿಯ ಬದಲಿಗೆ ಇನ್ನೊಂದು ಇಸವಿ ಮಾತ್ರ ಇತ್ತು. ಕಾಯಿದೆಯ ತಾರೀಖು ಕಾಯಿದೆಯ ಅಭಿಪ್ರಾಯವೇ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.

೩

ಇನ್ನು ಭಾರತೀಯರ ಪಾಡನ್ನು ಸಂಕ್ಷೇಪವಾಗಿ ನೋಡೋಣ. ಪಂಜಾಬಿನಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆಮಾಡಿದ ಭಗತ್ ಸಿಂಗ್ ತಿಂದ್ ಎಂಬವರು ಪೌರತ್ವವನ್ನು ಬೇಡಿದರು. ಆ ಕಾಲದ ಮಾನವಶಾಸ್ತ್ರಜ್ಞರು ಉತ್ತರಭಾರತದವರನ್ನು ಯೂರೋಪಿನವರ ವರ್ಗದಲ್ಲಿಯೇ ಸೇರಿಸಿದ್ದರಷ್ಟೆ. ಆದುದರಿಂದ ತಾವು ಕಾಯಿದೆಯ ಅರ್ಥದಲ್ಲಿ ಬಿಳಿಯರೆಂಬುದು ಅವರ ವಾದ. ೧೯೨೩ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಶಾಸ್ತ್ರಜ್ಞರ ವಿಭಾಗವನ್ನು ಬದಿಗಿಟ್ಟು, ಬಿಳಿಯನೆಂಬ ಶಬ್ದಕ್ಕೆ ಸಾಮಾನ್ಯ ಮನುಷ್ಯನು ಕೊಡುವ ಅರ್ಥವೇ ಅರ್ಥವೆಂದು ತೀರ್ಮಾನಿಸಿ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಇದಕ್ಕೆ ಮುಂಚೆ ಪೌರತ್ವವನ್ನು ಪಡೆದಿದ್ದ ಭಾರತೀಯರಲ್ಲಿಯೂ ಹಲವರು ಅದನ್ನು ಕಳೆದುಕೊಂಡರು. ಶಬ್ದಾರ್ಥವಿಚಾರದಲ್ಲಿ ಆಸಕ್ತರಾದ ನಮ್ಮ ಸಾಹಿತ್ಯೋಪಾಧ್ಯಾಯರಿಗೆ ಈ ತೀರ್ಪು ಓದತಕ್ಕದ್ದು. ಒಂದು ಪದದ ರೂಢಾರ್ಥವನ್ನು ಹಿಡಿಯಬೇಕೋ ಶಾಸ್ತ್ರಾರ್ಥವನ್ನು ಹಿಡಿಯಬೇಕೋ ಎಂಬ ಪ್ರಶ್ನೆಯ ಮೇಲೆ ಅಲ್ಲಿ ಮನುಷ್ಯರ ಬಾಳೇ ನಿಂತಿತ್ತು.

ಈ ಬಾಗಿಲು ತುಸು ತೆರೆದುದು ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅದರ ತರುವಾಯವೂ. ಚೀನವು ಮಿತ್ರರಾಷ್ಟ್ರವಾದ್ದರಿಂದ ೧೯೪೩ರಲ್ಲಿ ಚೀನೀಯರ ಮೇಲಿನ ನಿಷೇಧವನ್ನು ರದ್ದುಗೊಳಿಸಿ, ವರ್ಷಕ್ಕೆ ೧೦೫ ಮಂದಿಗೆ ಎಡೆಕೊಟ್ಟರು. ೧೯೪೬ರಲ್ಲಿ ಪ್ರತಿನಿಧಿಗಳಾದ ಕ್ಲೇರ್ ಬೂತ್ ಲೂಸ್ ಮತ್ತು ಇಮ್ಯಾನುಯೆಲ್ ಸೆಲ್ಲರ್ ಅವರ ಹೆಸರಿನ ಕಾಯಿದೆಯಿಂದ ಭಾರತೀಯರಿಗೆ ಪೌರತ್ವದ ಹಕ್ಕೂ, ವರ್ಷಕ್ಕೆ ೧೦೦ ಮಂದಿಯ ಪಾಲೂ ದೊರೆತುವು. ಇದಕ್ಕಾಗಿ ನ್ಯೂಯಾರ್ಕಿನ ಇಂಡಿಯಾ ಲೀಗಿನ ಅಧ್ಯಕ್ಷ ಜೆ. ಜೆ. ಸಿಂಗ್ ಮೊದಲಾದವರು ವರ್ಷಗಟ್ಟಲೆ ದುಡಿದಿದ್ದರು. ಈ ಕಾಯಿದೆಯ ಬಲದಿಂದ ೧೯೪೯ರಲ್ಲಿ ಪೌರರಾದ ದಲೀಪ್ ಸಿಂಗ್ ಸೌಂದ್ ಅವರು ೧೯೫೬ರ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಪ್ರತಿನಿಧಿಸಭೆಯನ್ನು ಸೇರಿದರು. ನಮ್ಮ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ೧೯೫೯ರಲ್ಲಿ ವ್ಯಾಸಂಗಕ್ಕಾಗಿ ಅಲ್ಲಿಗೆ ಹೋದಾಗಲೂ ಭಾರತದ ವಾರ್ಷಿಕ ಪಾಲು ಅದೇ ನೂರು.

೧೯೫೨ರ ಕಾಯಿದೆಯು ಪೌರತ್ವಕ್ಕೆ ವರ್ಣದ ಅಡ್ಡಿಯನ್ನು ತೆಗೆದುಹಾಕಿದರೂ, ಮೂಲದೇಶದ ಪಾಲುಗಳನ್ನು ಹಾಗೆಯೇ ಉಳಿಸಿಕೊಂಡಿತು. ಏಷ್ಯದವರ ವಿಷಯದಲ್ಲಿ ಅದು ಇನ್ನೂ ವಿಚಿತ್ರವಾಗಿ ನಡೆಯಿತು. ಉಳಿದವರ ಲೆಕ್ಕವು ಜನ್ಮಸ್ಥಳದಿಂದ. ತಂದೆತಾಯಿಗಳ ಕಡೆಯಿಂದ ಅರ್ಧದಷ್ಟಾದರೂ ಏಷ್ಯಮೂಲವುಳ್ಳವರ ಲೆಕ್ಕವು, ಅವರು ಎಲ್ಲಿಯೇ ಹುಟ್ಟಿರಲಿ, ವಂಶದಿಂದ. ಅಧ್ಯಕ್ಷ ಟ್ರೂಮನ್ ಈ ಕಾಯಿದೆಯನ್ನು ನಿರಾಕರಿಸಿದರು; ಶಾಸನಸಭೆಯು ಅವರ ನಿರಾಕರಣವನ್ನು ಮೀರಿ ಅದನ್ನು ಜಾರಿಗೆ ತಂದಿತು.

೪

೧೯೬೫ರ ಅಕ್ಟೋಬರ್ ೩ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸ್ವಾತಂತ್ರ್ಯಪ್ರತಿಮೆಯ ಪಾದದಲ್ಲಿ ಹೊಸ ಕಾಯಿದೆಗೆ ಸಹಿಮಾಡಿದರು. ಮೂಲದೇಶದ ಪಾಲುಗಳು ರದ್ದಾದುವು. ಪೂರ್ವಗೋಲಾರ್ಧಕ್ಕೆ ವರ್ಷಕ್ಕೆ ೧,೭೦,೦೦೦. ಅದರಲ್ಲಿ ಯಾವ ಒಂದು ದೇಶಕ್ಕೂ ೨೦,೦೦೦ಕ್ಕೆ ಮೀರದಂತೆ ಹಂಚಿಕೆ. ಕುಟುಂಬಸಂಬಂಧಕ್ಕೂ ವಿದ್ಯೆ ಕಸುಬುಗಳಿಗೂ ಆದ್ಯತೆ. ಇದು ಕ್ರಾಂತಿಕಾರಿಯಾದ ಕಾಯಿದೆಯಲ್ಲವೆಂದು ಅಧ್ಯಕ್ಷರು ಅಂದು ಹೇಳಿದರು. ಬಂಧುಗಳಿಗೆ ಆದ್ಯತೆಯಿತ್ತರೆ ಆಗಲೇ ನೆಲಸಿರುವ ಯೂರೋಪಿನವರ ಬಂಧುಗಳೇ ಹೆಚ್ಚಾಗಿ ಬರುವರೆಂದು ಅನೇಕ ಸದಸ್ಯರು ಭಾವಿಸಿದ್ದರು. ಆದದ್ದು ಬೇರೆ. ಯೂರೋಪು ಸಂಪನ್ನವಾಗುತ್ತ ಬಂದು, ಅಲ್ಲಿಂದ ಬರುವವರು ಕಡಿಮೆಯಾದರು. ಏಷ್ಯದಿಂದಲೂ ಲ್ಯಾಟಿನ್ ಅಮೆರಿಕದಿಂದಲೂ ಬರುವವರು ಹೆಚ್ಚಿದರು. ಭಾರತದ ವೈದ್ಯರೂ ಎಂಜಿನಿಯರುಗಳೂ ಹೊರಟುದು ಈ ಕಾಯಿದೆಯ ತರುವಾಯವೇ.

ಆದರೆ ಇದೇ ಕಾಯಿದೆಯು ಪಶ್ಚಿಮಗೋಲಾರ್ಧಕ್ಕೂ ಮೊದಲಬಾರಿಗೆ ಸಂಖ್ಯಾಮಿತಿಯನ್ನು ವಿಧಿಸಿತು. ೧೯೬೮ರಿಂದ ಅದು ವರ್ಷಕ್ಕೆ ೧,೨೦,೦೦೦. ಮೆಕ್ಸಿಕೊವಿನ ಮೇಲೆ ಇದರ ಪರಿಣಾಮವು ಘೋರವಾಯಿತು. ೧೯೪೨ರಿಂದ ೧೯೬೪ರ ವರೆಗೆ ಎರಡು ಸರ್ಕಾರಗಳ ಒಪ್ಪಂದದಂತೆ ಮೆಕ್ಸಿಕೊವಿನ ಕೃಷಿಕಾರ್ಮಿಕರು ಋತುವಿಗೆ ತಕ್ಕಂತೆ ಬಂದು ದುಡಿದು ಹಿಂತಿರುಗುತ್ತಿದ್ದರು. ೧೯೫೦ರಿಂದ ಈಚಿನ ದಶಕದ ನಡುವಿನಲ್ಲಿ ಹೀಗೆ ಬಂದವರು ಕೆಲವು ವರ್ಷ ನಾಲ್ಕು ಲಕ್ಷಕ್ಕೂ ಮೀರಿದ್ದರು. ಆ ಏರ್ಪಾಡಿನಲ್ಲಿ ಕೂಲಿಯ ಶೋಷಣೆಯು ಬಹಳವಾಗಿತ್ತೆಂಬುದು ನಿಜ. ಅದನ್ನು ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ. ಆದರೆ ಅದರ ಸ್ಥಾನದಲ್ಲಿ ಸಾಕಷ್ಟು ವಿಶಾಲವಾದ ಬೇರೊಂದು ದಾರಿಯನ್ನು ತೆರೆಯಲಿಲ್ಲ. ಅದರ ಮೇಲೆ ೧೯೭೬ರ ತಿದ್ದುಪಡಿಯಿಂದ ದೇಶವೊಂದಕ್ಕೆ ೨೦,೦೦೦ ಎಂಬ ಮಿತಿಯು ಮೆಕ್ಸಿಕೊವಿಗೂ ಅನ್ವಯಿಸಿತು. ತೋಟಗಳಲ್ಲಿ ಕೆಲಸವು ಇದ್ದಂತೆಯೇ ಇತ್ತು, ಕೆಲಸಗಾರರೂ ಅವರೇ, ಕಾಯಿದೆ ಮಾತ್ರ ಬದಲಾಗಿತ್ತು. ನಿನ್ನೆಯ ವರೆಗೆ ಕರಾರಿನ ಕೂಲಿಯಾಗಿದ್ದವನು ಅದೇ ಹೊಲದಲ್ಲಿ ಇಂದು ಅಕ್ರಮವಾಸಿಯೆನಿಸಿದನು. ಇಂದು ಒಂದು ಕೋಟಿಗೂ ಮೀರಿ ಅಂದಾಜಾಗಿರುವ ಹಕ್ಕುಪತ್ರವಿಲ್ಲದ ನಿವಾಸಿಗಳ ಸಮಸ್ಯೆಗೆ ಬೀಜವು ಬಿದ್ದುದು ಇಲ್ಲಿ.

೫

ಈಗ ನಮ್ಮ ಮುಖ್ಯ ಪ್ರಮೇಯಕ್ಕೆ ಬರೋಣ. ೧೯೨೯ನೆಯ ಇಸವಿಯಲ್ಲಿ ಆ ದೇಶದಲ್ಲಿ ಮೂರು ಸಂಗತಿಗಳು ನಡೆದುವು. ಮೂಲದೇಶದ ಪಾಲುಗಳು ಪೂರ್ಣರೂಪದಲ್ಲಿ ಜಾರಿಗೆ ಬಂದುದು ಒಂದು. ಅದು ೧೯೬೫ರಲ್ಲಿ ಅಳಿಯಿತು. ಉಳಿದೆರಡು ಈಗಲೂ ಕಾಯಿದೆಯಲ್ಲಿವೆ.

ಅವುಗಳಲ್ಲಿ ಮೊದಲನೆಯದು ನೋಂದಣಿಯ ಕಾಯಿದೆ. ಸಕ್ರಮ ಪ್ರವೇಶದ ದಾಖಲೆಯಿಲ್ಲದಿದ್ದರೂ, ೧೯೨೧ರ ಜೂನ್ ೩ಕ್ಕಿಂತ ಮುಂಚೆ ಬಂದು, ಅಂದಿನಿಂದ ಅಲ್ಲಿಯೇ ವಾಸಮಾಡುತ್ತ, ಸನ್ನಡತೆಯಿಂದಿರುವವನನ್ನು ಸ್ಥಿರನಿವಾಸಿಯೆಂದು ನೋಂದಾಯಿಸಬಹುದೆಂದು ಅದು ಹೇಳಿತು. ಪಾಲುಗಳನ್ನು ಅಷ್ಟು ಕಠಿನವಾಗಿ ವಿಧಿಸಿದ ಕಾಲದ ಶಾಸನಸಭೆಯೇ ಇದನ್ನೂ ಒಪ್ಪಿತೆಂಬುದು ಗಮನಾರ್ಹವಾದ ವಿಷಯ. ಬಹುಕಾಲ ನೆಲೆಯೂರಿದವನನ್ನು ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲವೆಂಬ ವ್ಯವಹಾರಜ್ಞಾನವು ಅದರ ಹಿಂದೆ ಇದ್ದಿತು. ತರುವಾಯ ಆ ತಾರೀಖನ್ನು ಹಲವು ಬಾರಿ ಮುಂದಕ್ಕೆ ತಂದರು. ೧೯೪೦ರ ಸುಮಾರಿಗೆ ಅದು ೧೯೨೪ ಆಯಿತು, ೧೯೫೮ರಲ್ಲಿ ೧೯೪೦, ೧೯೬೫ರಲ್ಲಿ ೧೯೪೮, ೧೯೮೬ರಲ್ಲಿ ೧೯೭೨ರ ಜನವರಿ ೧. ಪ್ರತಿಸಾರಿಯೂ ತಿದ್ದುಪಡಿಯಾದ ವರ್ಷಕ್ಕೂ ನೋಂದಣಿಯ ವರ್ಷಕ್ಕೂ ಇದ್ದ ಅಂತರವನ್ನು ಎಣಿಸಿದರೆ, ಅದು ಎಂಟು ವರ್ಷಕ್ಕೆ ಕಡಿಮೆಯಿಲ್ಲದೆ, ಹದಿನೆಂಟು ವರ್ಷಕ್ಕೆ ಹೆಚ್ಚಿಲ್ಲದೆ ಇರುವುದು ಕಾಣುತ್ತದೆ. ೧೯೮೬ರಿಂದ ಈಚೆಗೆ ತಾರೀಖು ಚಲಿಸಿಲ್ಲ. ಇಂದು ಆ ಅಂತರವು ಐವತ್ತು ವರ್ಷಗಳನ್ನು ಮೀರಿದೆ. ನಿಯಮವನ್ನು ಯಾರೂ ರದ್ದುಮಾಡಲಿಲ್ಲ. ಕಾಲವು ಮುಂದೆ ಹೋದುದರಿಂದ ಅದು ತಾನಾಗಿ ಬರಿದಾಯಿತು.

ಎರಡನೆಯದು ವಲಸೆಗೆ ನೇರವಾಗಿ ಸಂಬಂಧಪಟ್ಟುದಲ್ಲ. ಆದರೆ ನಮ್ಮ ವಾದಕ್ಕೆ ಬಹಳ ಸಹಾಯಕವಾದುದು. ಹತ್ತು ವರ್ಷಗಳಿಗೊಮ್ಮೆ ಜನಗಣತಿಯಾದ ಮೇಲೆ ಪ್ರತಿನಿಧಿಸಭೆಯ ಸ್ಥಾನಗಳನ್ನು ಸಂಸ್ಥಾನಗಳಿಗೆ ಮರಳಿ ಹಂಚಬೇಕೆಂಬುದು ಆ ರಾಜ್ಯಾಂಗದ ವಿಧಿ. ೧೯೨೦ರ ಗಣತಿಯಲ್ಲಿ ಪಟ್ಟಣವಾಸಿಗಳ ಸಂಖ್ಯೆಯು ಮೊದಲಬಾರಿಗೆ ಗ್ರಾಮವಾಸಿಗಳ ಸಂಖ್ಯೆಯನ್ನು ಮೀರಿತು. ಪಟ್ಟಣಗಳಲ್ಲಿ ತುಂಬಿದ್ದವರಲ್ಲಿ ಹೊಸ ವಲಸೆಗಾರರು ಬಹುಮಂದಿ. ಸ್ಥಾನಗಳನ್ನು ಕಳೆದುಕೊಳ್ಳಬೇಕಾಗಿದ್ದ ಪ್ರದೇಶಗಳ ಸದಸ್ಯರು ಒಪ್ಪದ ಕಾರಣ, ಆ ದಶಕದಲ್ಲಿ ಮರುಹಂಚಿಕೆಯೇ ನಡೆಯಲಿಲ್ಲ. ಇದರಿಂದ ಪಾಠವನ್ನು ಕಲಿತ ಶಾಸನಸಭೆಯು ೧೯೨೯ರಲ್ಲಿ ಒಂದು ಉಪಾಯವನ್ನು ಮಾಡಿತು. ತಾನು ಏನನ್ನೂ ಮಾಡದೆ ಕುಳಿತರೂ, ಗಣತಿಯಾದ ಮೇಲೆ ಗೊತ್ತಾದ ಸೂತ್ರದಂತೆ ಹಂಚಿಕೆಯು ತಾನಾಗಿ ನಡೆಯತಕ್ಕದ್ದೆಂದು ಕಾಯಿದೆಯನ್ನು ಮಾಡಿತು. ಅಂದಿನಿಂದ ಇಂದಿನ ವರೆಗೆ ಈ ಕಾರ್ಯವು ತಪ್ಪಿಲ್ಲ. ಸಭೆಯು ಜಗಳದಲ್ಲಿ ಮುಳುಗಿದ್ದಾಗಲೂ ನಡೆಯುವಂತಹ ಯಂತ್ರವನ್ನು ಸಭೆಯೇ ಕಟ್ಟಬಲ್ಲುದೆಂದು ಇದರಿಂದ ಸಿದ್ಧವಾಗುತ್ತದೆ.

ಇಂತಹ ಯಂತ್ರವು ವಲಸೆಯ ಕಾಯಿದೆಯಲ್ಲಿ ಇಲ್ಲ. ೧೯೯೦ರ ಕಾಯಿದೆಯು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ೧,೪೦,೦೦೦ ಸ್ಥಿರನಿವಾಸಗಳನ್ನು ಗೊತ್ತುಮಾಡಿತು. ಕೆಲಸಗಾರನ ಹೆಂಡತಿ ಮಕ್ಕಳೂ ಈ ಸಂಖ್ಯೆಯಲ್ಲಿಯೇ ಸೇರಬೇಕು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲಕೂಡದು. ಕೆಲವು ಲಕ್ಷ ಜನರಿರುವ ಐಸ್‌ಲೆಂಡಿಗೂ ನೂರನಾಲ್ವತ್ತು ಕೋಟಿ ಜನರಿರುವ ಭಾರತಕ್ಕೂ ಮಿತಿಯು ಒಂದೇ. ಇತರರು ಬಳಸದೆ ಉಳಿದುದು ಭಾರತೀಯರಿಗೆ ಒದಗುವುದುಂಟಾದರೂ, ಮೂಲಪಾಲು ಎಲ್ಲ ವರ್ಗಗಳೂ ಸೇರಿ ವರ್ಷಕ್ಕೆ ೯,೮೦೦. ಈಗಲೂ ಲೆಕ್ಕವು ಜನ್ಮಸ್ಥಳದಿಂದಲೇ. ಕಲಬುರಗಿಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಪೌರನಾದವನೂ ಸಾಮಾನ್ಯವಾಗಿ ಭಾರತದ ಸಾಲಿನಲ್ಲಿಯೇ ನಿಲ್ಲಬೇಕು.

ತಾತ್ಕಾಲಿಕ ಕೆಲಸಗಾರರ ಸಂಖ್ಯೆಯಾದರೋ ಒಮ್ಮೆ ಏರಿತು. ಎಚ್-೧ಬಿ ಎಂಬ ಪರವಾನಗಿಗಳು ೧೯೯೦ರ ಕಾಯಿದೆಯಲ್ಲಿ ವರ್ಷಕ್ಕೆ ೬೫,೦೦೦ ಇದ್ದುವು. ೨೦೦೧ರಿಂದ ೨೦೦೩ರ ವರೆಗೆ ಅವು ೧,೯೫,೦೦೦ ಆಗಿ, ೨೦೦೪ರಲ್ಲಿ ಹಿಂದಿನ ೬೫,೦೦೦ಕ್ಕೇ ಇಳಿದುವು. ಬಳಿಕ ಅಮೆರಿಕದಲ್ಲಿ ಉನ್ನತ ಪದವಿಯನ್ನು ಪಡೆದವರಿಗಾಗಿ ೨೦,೦೦೦ ಸೇರಿದುವು. ತಾತ್ಕಾಲಿಕ ದ್ವಾರವು ಅಗಲವಾಗಿ, ಅದರ ಮುಂದಿನ ಶಾಶ್ವತ ದ್ವಾರವು ಇದ್ದಷ್ಟೇ ಉಳಿದರೆ, ನಡುವಣ ಹಜಾರದಲ್ಲಿ ಜನರು ಒತ್ತರಿಸಿ ನಿಲ್ಲುವುದು ಅನಿವಾರ್ಯ. ಈ ಒತ್ತಡವನ್ನು ಕಂಡು, ಸ್ಥಿರನಿವಾಸಕ್ಕೆ ಕಾದಿರುವವರು ಆರು ವರ್ಷಗಳ ಮೇರೆಯನ್ನು ದಾಟಿಯೂ ಪರವಾನಗಿಯನ್ನು ಮುಂದುವರಿಸಿಕೊಳ್ಳಬಹುದೆಂದು ೨೦೦೦ದ ಕಾಯಿದೆಯು ಅವಕಾಶವಿತ್ತಿತು. ಹೀಗೆ ತಾತ್ಕಾಲಿಕವೆಂಬುದು ಬಾಳಿನ ಅರ್ಧವನ್ನೇ ನುಂಗುವಂತಾಯಿತು. ತಂದೆತಾಯಿಗಳ ಸರದಿ ಬರುವ ಮೊದಲೇ ಇಪ್ಪತ್ತೊಂದು ವರ್ಷ ತುಂಬಿದ ಮಕ್ಕಳಲ್ಲಿ ಅನೇಕರು, ತಾವು ಬೆಳೆದ ದೇಶದಲ್ಲಿಯೇ ಮತ್ತೆ ಪರದೇಶಿಗಳಾಗಿ ಬೇರೆ ಪರವಾನಗಿಯನ್ನು ಅರಸಬೇಕಾಗುತ್ತದೆ.

೬

ಈ ದೋಷಗಳು ಯಾರಿಗೂ ತಿಳಿಯದವಲ್ಲ. ಹಾಗಾದರೆ ಸುಧಾರಣೆಯಾಗದಿರಲು ಕಾರಣವೇನು? ೧೯೮೬ರ ಕಾಯಿದೆಯಿಂದ ಸುಮಾರು ೨೭ ಲಕ್ಷ ಮಂದಿಯ ವಾಸವು ಸಕ್ರಮವಾಯಿತು. ಅಕ್ರಮವಾಗಿ ಕೆಲಸಕ್ಕಿಟ್ಟುಕೊಳ್ಳುವ ಯಜಮಾನರಿಗೆ ದಂಡವೂ ವಿಧಿಸಲ್ಪಟ್ಟಿತು. ಮೊದಲನೆಯದು ನಡೆಯಿತು, ಎರಡನೆಯದು ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು. ಹಕ್ಕುಪತ್ರವಿಲ್ಲದವರು ಮತ್ತೆ ಸೇರತೊಡಗಿದರು. ಅಂದಿನಿಂದ ಒಂದು ಪಕ್ಷದವರಿಗೆ ಕ್ಷಮಾದಾನವೆಂಬ ಮಾತೇ ಕಹಿಯಾಯಿತು. ೧೯೯೬ರ ಕಾಯಿದೆಯು ಕಾಠಿನ್ಯವನ್ನು ಹೆಚ್ಚಿಸಿ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಕ್ರಮವಾಗಿದ್ದು ಹೊರಗೆ ಹೋದವನು ಹತ್ತು ವರ್ಷ ಹಿಂತಿರುಗಕೂಡದೆಂದು ವಿಧಿಸಿತು. ಹೋದರೆ ಬರಲಾಗದೆಂಬ ಭಯದಿಂದ, ಹೋಗಬೇಕೆಂದಿದ್ದವರೂ ಅಲ್ಲಿಯೇ ಉಳಿದರು.

೨೦೦೬ರಲ್ಲಿಯೂ ೨೦೧೩ರಲ್ಲಿಯೂ ಸೆನೆಟ್ಟಿನಲ್ಲಿ ಸಮಗ್ರ ಸುಧಾರಣೆಯ ಮಸೂದೆಗಳು ಅಂಗೀಕೃತವಾದುವು. ಎರಡನೆಯದಕ್ಕೆ ೬೮ ಮತಗಳು ಬಂದಿದ್ದುವು. ಪ್ರತಿನಿಧಿಸಭೆಯಲ್ಲಿ ಅವು ಮುಂದುವರಿಯಲಿಲ್ಲ. ಗಡಿ, ಕೂಲಿ, ಸಕ್ರಮೀಕರಣ, ಕುಟುಂಬ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದರೆ, ಪ್ರತಿಯೊಂದು ಭಾಗದ ವಿರೋಧಿಗಳೂ ಇಡೀ ಕಟ್ಟಿನ ವಿರೋಧಿಗಳಾಗುತ್ತಾರೆ. ಸಣ್ಣ ಮಸೂದೆಗಳಿಗೂ ಇದೇ ಗತಿಯಾದುದುಂಟು. ದೇಶವಾರು ಮಿತಿಯನ್ನು ಸಡಿಲಿಸುವ ಮಸೂದೆಯು ೨೦೧೯ರಲ್ಲಿ ಪ್ರತಿನಿಧಿಸಭೆಯಲ್ಲಿ ೩೬೫ ಮತಗಳಿಂದ ಗೆದ್ದಿತು. ಅದರ ಬೇರೊಂದು ರೂಪವು ೨೦೨೦ರ ಡಿಸೆಂಬರಿನಲ್ಲಿ ಸೆನೆಟ್ಟಿನಲ್ಲಿ ಗೆದ್ದಿತು. ಎರಡು ಪಾಠಗಳೂ ಒಂದಾಗದೆ ಎರಡೂ ಬಿದ್ದುಹೋದುವು.

ಶಾಸನವು ಚಲಿಸದ ಕಡೆ ಅಧಿಕಾರವು ಚಲಿಸುತ್ತದೆ. ನಿರಾಶ್ರಿತರ ವಾರ್ಷಿಕ ಸಂಖ್ಯೆಯನ್ನು ಶಾಸನಸಭೆಯೊಡನೆ ಸಮಾಲೋಚಿಸಿ ಅಧ್ಯಕ್ಷರೇ ಗೊತ್ತುಮಾಡಬೇಕೆಂದು ೧೯೮೦ರ ಕಾಯಿದೆಯು ಹೇಳಿತು. ೨೦೨೧ರ ಆರ್ಥಿಕವರ್ಷಕ್ಕೆ ಒಬ್ಬ ಅಧ್ಯಕ್ಷರು ೧೫,೦೦೦ ಎಂದುದು, ಮರುವರ್ಷಕ್ಕೆ ಇನ್ನೊಬ್ಬರಿಂದ ೧,೨೫,೦೦೦ ಆಯಿತು. ೨೦೨೬ರ ವರ್ಷಕ್ಕೆ ಅದು ೭,೫೦೦ಕ್ಕೆ ಇಳಿಯಿತು. ೨೦೨೫ರ ಸೆಪ್ಟೆಂಬರಿನಲ್ಲಿ ಒಂದು ಘೋಷಣೆಯ ಮೂಲಕ ಹೊಸ ಎಚ್-೧ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ವಿಧಿಸಿದುದೂ ಈ ಜಾತಿಗೇ ಸೇರಿದುದು. ಒಂದು ಕಡೆ ಮೂವತ್ತು ವರ್ಷಕ್ಕೂ ಅಲುಗದ ಅಂಕೆ. ಇನ್ನೊಂದು ಕಡೆ ಒಂದು ಸಹಿಯಿಂದ ಹಾರಾಡುವ ಅಂಕೆ. ನಿಯಮಬದ್ಧವಾದ ಚಲನೆಯು ಇವೆರಡರ ನಡುವೆ ಇರಬೇಕಾದದ್ದು.

೭

ಮೇಲಿನ ಚರಿತ್ರೆಯಿಂದ ಹೊರಡುವ ಸೂಚನೆಗಳು ನಾಲ್ಕು.

ಮೊದಲನೆಯದು, ನೋಂದಣಿಯ ತಾರೀಖನ್ನು ಒಂದು ಇಸವಿಗೆ ಕಟ್ಟದೆ ಒಂದು ಅಂತರಕ್ಕೆ ಕಟ್ಟುವುದು. ಹದಿನೆಂಟು ವರ್ಷವೆಂದಿಟ್ಟರೂ ಅದು ೧೯೨೯ರಿಂದ ೧೯೮೬ರ ವರೆಗಿನ ಸಂಪ್ರದಾಯದ ಮೇರೆಯೊಳಗೇ ಇರುತ್ತದೆ. ೨೦೨೨ರಲ್ಲಿ ಪ್ರತಿನಿಧಿಸಭೆಯ ಮುಂದೆ ಬಂದ ಒಂದು ಮಸೂದೆಯು ಏಳು ವರ್ಷವನ್ನು ಸೂಚಿಸಿತ್ತು. ಪೂರ್ವೋದಾಹರಣೆಗಿಂತ ಕಡಿಮೆಯಾದ ಅಂತರಕ್ಕೆ ಒಪ್ಪಿಗೆಯು ದೊರೆಯುವುದು ಕಷ್ಟವೆಂದು ನಮಗೆ ತೋರುತ್ತದೆ. ಎರಡನೆಯದು, ೧,೪೦,೦೦೦ ಎಂಬ ಸಂಖ್ಯೆಯನ್ನು ಪ್ರತಿ ಜನಗಣತಿಯಾದ ಮೇಲೆ ಜನಸಂಖ್ಯೆಯ ಪ್ರಮಾಣದಲ್ಲಿ, ಪ್ರತಿನಿಧಿಸಭೆಯ ಸ್ಥಾನಹಂಚಿಕೆಯಂತೆಯೇ, ತಾನಾಗಿ ತಿದ್ದುವುದು. ೧೯೯೦ರಲ್ಲಿ ಆ ದೇಶದ ಜನಸಂಖ್ಯೆ ೨೪.೮೭ ಕೋಟಿ, ೨೦೨೦ರಲ್ಲಿ ೩೩.೧೪ ಕೋಟಿ. ಈ ಪ್ರಮಾಣದಂತೆ ಇಂದಿನ ಸಂಖ್ಯೆಯು ೧,೮೬,೦೦೦ಕ್ಕೂ ಮೇಲಾಗಬೇಕಾಗಿತ್ತು. ಬೇಡವೆಂದು ತೋರಿದರೆ ತಡೆಯುವ ಅಧಿಕಾರವು ಶಾಸನಸಭೆಗೆ ಇದ್ದೇ ಇರುತ್ತದೆ. ಆದರೆ ತಡೆಯುವುದಕ್ಕೆ ಮತವನ್ನು ಕೊಡಬೇಕು, ಸುಮ್ಮನೆ ಕುಳಿತು ತಡೆಯುವಂತಿಲ್ಲ. ಮೂರನೆಯದು, ಉದ್ಯೋಗದ ಸಾಲಿನಲ್ಲಿ ಜನ್ಮಸ್ಥಳದ ಮಿತಿಯನ್ನು ಹಂತಹಂತವಾಗಿ ಸಡಿಲಿಸುವುದು. ನಾಲ್ಕನೆಯದು, ತಂದೆತಾಯಿಗಳು ಅರ್ಜಿಯನ್ನು ಸಲ್ಲಿಸಿದ ದಿನದ ವಯಸ್ಸನ್ನೇ ಮಗುವಿನ ವಯಸ್ಸೆಂದು ಕೊನೆಯ ವರೆಗೂ ಎಣಿಸುವುದು.

ಮೂರನೆಯ ಸೂಚನೆಯ ವಿಷಯದಲ್ಲಿ ಭಾರತೀಯರಾದ ನಾವು ಪಕ್ಷಪಾತವಿಲ್ಲದೆ ಯೋಚಿಸಬೇಕು. ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ದೇಶವಾರು ಮಿತಿಯನ್ನು ಮಾತ್ರ ತೆಗೆದರೆ, ಕಾಯುವಿಕೆಯು ಕಡಿಮೆಯಾಗುವುದಿಲ್ಲ. ನಮ್ಮವರ ಹೆಗಲಿನಿಂದ ಇಳಿದು ಇತರರ ಹೆಗಲಿಗೆ ಹೋಗುತ್ತದೆ. ಫಿಲಿಪ್ಪೀನ್ಸಿನ ದಾದಿಗೋ ನೈಜೀರಿಯದ ವೈದ್ಯನಿಗೋ ಅದು ನ್ಯಾಯವಾಗಿ ಕಾಣದು. ೨೦೨೦ರ ಮಸೂದೆಯ ಮೇಲಿನ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು, ಅದಕ್ಕೆ ಆಧಾರವಿತ್ತು. ಆದುದರಿಂದ ಎರಡನೆಯ ಮತ್ತು ಮೂರನೆಯ ಸೂಚನೆಗಳು ಒಟ್ಟಿಗೆ ನಡೆಯಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಣನೀಯವಾದುವು. ನೋಂದಣಿಯ ತಾರೀಖು ತಾನಾಗಿ ಚಲಿಸಿದರೆ, ಕಾಯಿದೆಯನ್ನು ಮೀರಿ ಬಂದು ಕಾದು ಕುಳಿತವರಿಗೆ ಬಹುಮಾನವನ್ನು ಕೊಟ್ಟಂತಾಗದೆ ಎಂಬುದು ಒಂದು. ಹದಿನೆಂಟು ವರ್ಷಗಳ ಭಯದ ಬಾಳನ್ನು ಬಹುಮಾನವೆಂದು ಎಣಿಸಿ ಯಾರೂ ಹೊರಡುವುದಿಲ್ಲ. ಅಲ್ಲದೆ ೧೯೮೬ರ ಕ್ರಮಕ್ಕೂ ನೋಂದಣಿಗೂ ಭೇದವಿದೆ. ಅಲ್ಲಿ ಲಕ್ಷಾಂತರ ಜನರಿಗೆ ಒಂದೇ ಬಾರಿಗೆ ಬಾಗಿಲು ತೆರೆದು ಮುಚ್ಚಿತು. ತೆರೆದಾಗ ಜನಾಕ್ರೋಶವು ಹುಟ್ಟಿತು, ಮುಚ್ಚಿದ ಮೇಲೆ ಸಮಸ್ಯೆಯು ಮತ್ತೆ ಕೂಡಿಕೊಂಡಿತು. ಇಲ್ಲಿ ಒಬ್ಬೊಬ್ಬನ ವಾಸವನ್ನೂ ನಡತೆಯನ್ನೂ ಪರೀಕ್ಷಿಸಿ ವರ್ಷವರ್ಷವೂ ಕೆಲವರನ್ನು ಸೇರಿಸುವುದಾಗುತ್ತದೆ. ಯಜಮಾನರ ಮೇಲಿನ ವಿಧಿಯನ್ನು ಕಾಗದದಿಂದ ಆಚರಣೆಗೆ ತರಬೇಕೆಂಬುದನ್ನು ಮಾತ್ರ ಈ ಆಕ್ಷೇಪದಿಂದ ನಾವು ಸ್ವೀಕರಿಸತಕ್ಕದ್ದು. ಹೊರಗಿನವರು ಬಂದರೆ ಸ್ಥಳೀಯರ ಕೂಲಿಯು ಇಳಿಯುವುದೆಂಬುದು ಎರಡನೆಯ ಆಕ್ಷೇಪ. ಕೂಲಿಯನ್ನು ಹೆಚ್ಚಾಗಿ ಇಳಿಸುವವನು ಯಜಮಾನನನ್ನು ಬಿಟ್ಟುಹೋಗಲಾರದ ಕೆಲಸಗಾರನು. ಪರವಾನಗಿಗಾಗಿ ಒಬ್ಬನಿಗೇ ಕಟ್ಟುಬಿದ್ದವನು ಹೆಚ್ಚಿನ ವೇತನವನ್ನು ಧೈರ್ಯವಾಗಿ ಕೇಳಲಾರನು. ಸ್ಥಿರನಿವಾಸವನ್ನು ಬೇಗ ಕೊಟ್ಟರೆ ಅವನು ಸ್ವತಂತ್ರನಾಗುತ್ತಾನೆ. ಅದರಿಂದ ಅವನ ಪಕ್ಕದಲ್ಲಿ ದುಡಿಯುವ ಅಮೆರಿಕದವನಿಗೂ ಹಿತವಾಗುತ್ತದೆ.

೮

ಇವುಗಳಲ್ಲಿ ಯಾವುದೂ ಘನವಾದ ಯೋಜನೆಯಲ್ಲ. ಗಡಿಯನ್ನು ದಾಟಿ ಆಶ್ರಯವನ್ನು ಬೇಡುವವರ ಪ್ರಶ್ನೆಗೂ, ಮೂವತ್ತು ಲಕ್ಷವನ್ನು ಮೀರಿ ಬೆಳೆದ ವಲಸೆ ನ್ಯಾಯಸ್ಥಾನಗಳ ಬಾಕಿ ಮೊಕದ್ದಮೆಗಳಿಗೂ ಇದರಿಂದ ಪೂರ್ಣ ಪರಿಹಾರವು ದೊರೆಯದು. ಆದರೂ ನೋಂದಣಿಯ ತಾರೀಖು ಒಮ್ಮೆ ಸ್ವತಂತ್ರ ಮಸೂದೆಯಾಗಿಯೂ, ೧೯೬೫ ಮತ್ತು ೧೯೮೬ರಲ್ಲಿ ದೊಡ್ಡ ಕಾಯಿದೆಗಳ ಒಂದು ಸಣ್ಣ ಕಲಮಾಗಿಯೂ ಮುಂದೆ ಸರಿದುದನ್ನು ನೆನೆದರೆ, ಇಂತಹ ತಿದ್ದುಪಡಿಗೆ ಸಮಗ್ರ ಒಮ್ಮತದವರೆಗೂ ಕಾಯಬೇಕಾಗಿಲ್ಲವೆಂದು ತಿಳಿಯುತ್ತದೆ. ೨೦೩೦ರಲ್ಲಿ ಆ ದೇಶದ ಮುಂದಿನ ಜನಗಣತಿಯು ನಡೆಯಬೇಕಾಗಿದೆ. ಪ್ರತಿನಿಧಿಸಭೆಯ ಸ್ಥಾನಗಳು ಅದರ ಮೇಲೆ ತಾವಾಗಿ ಬದಲಾಗುತ್ತವ��. ಅದೇ ಗಣತಿಯ ಅಂಕೆಗಳಿಂದ ವಲಸೆಯ ಸಂಖ್ಯೆಗಳೂ ಬದಲಾಗಲೆಂದು ಒಂದು ಕಲಮನ್ನು ಸೇರಿಸುವುದಕ್ಕೆ ಅದು ಯುಕ್ತವಾದ ಸಮಯ.

ನಮ್ಮ ವಿದ್ಯಾಲಯಗಳಲ್ಲಿ ಆಧುನಿಕ ಚರಿತ್ರೆಯನ್ನು ಬೋಧಿಸುವವರು ಈ ಕಾಯಿದೆಗಳನ್ನು ಮೂಲದಲ್ಲಿಯೇ ಓದಿ ವಿದ್ಯಾರ್ಥಿಗಳಿಗೆ ತಿಳಿಸಿದರೆ ಎರಡು ಪ್ರಯೋಜನಗಳುಂಟು. ಅಲ್ಲಿಗೆ ಹೋಗುವ ತರುಣರು ತಾವು ಸೇರಲಿರುವ ಸಾಲಿನ ಉದ್ದವನ್ನು ಮೊದಲೇ ಅರಿತಿರುತ್ತಾರೆ. ಹೋಗದೆ ಇಲ್ಲಿಯೇ ಇರುವವರು, ನಮ್ಮ ನಾಡಿಗೆ ಕೂಲಿಗಾಗಿ ಬರುವ ದೂರದ ಜನರನ್ನು ಕುರಿತು ಮಾತನಾಡುವಾಗ, ೧೮೯೦ರ ಗಣತಿಯನ್ನು ಆರಿಸಿಕೊಂಡವರ ಲೆಕ್ಕವು ಎಂತಹುದಾಗಿತ್ತೆಂಬುದನ್ನು ಜ್ಞಾಪಕದಲ್ಲಿಟ್ಟುಕೊಳ್ಳುತ್ತಾರೆ.